ಗಾಜಿನ ಕಡಲಿಗೆ ನೀರೆತ್ತಿದವರು

ಮನೆಯೊಳಗಣ ಮತ್ಸ್ಯಾಗಾರದ ಚರಿತ್ರೆಯನ್ನು ಬರೆದ ಪಾಶ್ಚಾತ್ಯ ಗ್ರಂಥಕರ್ತರು ಗಾಜಿನ ವಿಷಯವನ್ನೂ, ಮೀನಿನ ವಿಷಯವನ್ನೂ, ಉಷ್ಣದೇಶಗಳ ಜಲಜೀವಿಗಳನ್ನು ಹಡಗಿನಲ್ಲಿ ಜೋಪಾನವಾಗಿ ಸಾಗಿಸಿ ತಂದ ಸಾಹಸಿಗರ ವಿಷಯವನ್ನೂ ಸಾವಕಾಶವಾಗಿ ವರ್ಣಿಸಿದ್ದಾರಾದರೂ, ಆ ಗಾಜಿನ ಹಿಂದೆ ನಿಂತು ನೀರನ್ನು ನಿಲ್ಲಗೊಡದೆ ಚಲಿಸುತ್ತಿರುವಂತೆ ನೋಡಿಕೊಂಡ ಕೈಗಳ ಹಾಗೂ ಯಂತ್ರಗಳ ವಿಷಯದಲ್ಲಿ ಅವರ ಲೇಖನಿ ಬಹಳ ಜಿಪುಣತನದಿಂದ ನಡೆದುಕೊಂಡಿದೆ. ತೊಟ್ಟಿಯ ಚೆಲುವನ್ನು ನೋಡಲು ಬಂದ ಅತಿಥಿಯು ಅದರ ಕೆಳಗಿನ ಬೀರುವಿನ ಬಾಗಿಲನ್ನು ತೆರೆದು ನೋಡುವುದಿಲ್ಲ. ಚರಿತ್ರಕಾರನೂ ಪ್ರಾಯಶಃ ಅತಿಥಿಯಂತೆಯೇ ನಡೆದುಕೊಂಡಿರಬೇಕು. ಆದರೆ ಅಲ್ಲಿ, ಆ ಕತ್ತಲೆಯಲ್ಲಿ, ಕೆಳಗಿನ ಸಂಪಿಗೆ ಇಳಿದು ಬಂದ ನೀರನ್ನು ಮರಳಿ ಮೇಲಿನ ತೊಟ್ಟಿಗೆ ಎತ್ತುತ್ತಿರುವ ಸಣ್ಣದೊಂದು ಪಂಪು ಉಂಟಲ್ಲ, ಅದರ ವಂಶಾವಳಿ ನೂರೆಪ್ಪತ್ತು ವರ್ಷಗಳಿಗೂ ಮಿಗಿಲಾದದ್ದು. ಮತ್ತು ಈ ದಿನ ಅಂಗಡಿಯಲ್ಲಿ ನಿಂತು ಯಾವ ಪಂಪನ್ನು ಕೊಳ್ಳಲಿ ಎಂದು ಯೋಚಿಸುವ ಹವ್ಯಾಸಿಗೆ ಬೇಕಾದ ಉತ್ತರದ ಬಹುಭಾಗವು ಪೆಟ್ಟಿಗೆಯ ಮೇಲೆ ಮುದ್ರಿತವಾದ ಅಂಕಿಗಳಿಗಿಂತ ಆ ವಂಶಾವಳಿಯಲ್ಲಿಯೇ ಹೆಚ್ಚಾಗಿ ಅಡಗಿದೆ.

ಆ ವಂಶದ ಮೂಲದಲ್ಲಿ ನಿಲ್ಲುವುದು ಯಂತ್ರವಲ್ಲ, ಒಬ್ಬ ಹುಡುಗಿ. 1846ರಲ್ಲಿ ಅನ್ನಾ ಥಿನ್ ಎಂಬ ಆಂಗ್ಲ ಮಹಿಳೆ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಮಹಾದೇವಾಲಯದಲ್ಲಿ ಉನ್ನತಾಧಿಕಾರದಲ್ಲಿದ್ದ ಪಾದ್ರಿಯೊಬ್ಬರ ಪತ್ನಿ, ಟಾರ್ಕೀ ಎಂಬ ಕರಾವಳಿಯ ಊರಿನಿಂದ ಕೆಲವು ಹವಳದ ಜೀವಿಗಳನ್ನು ಕಲ್ಲಿನ ಜಾಡಿಯಲ್ಲಿಟ್ಟು ರಾಜಧಾನಿಗೆ ತಂದಳು. ಸಮುದ್ರದ ನೀರು ಲಂಡನ್ನಿನಲ್ಲಿ ಕೇಳಿದಾಗ ಸಿಕ್ಕುವ ವಸ್ತುವಲ್ಲ. ಇದ್ದ ನೀರನ್ನೇ ಕೆಡದಂತೆ ಕಾಪಾಡಿಕೊಳ್ಳಬೇಕಾಗಿತ್ತು. ಆಕೆ ಕಂಡುಕೊಂಡ ಉಪಾಯವೆಂದರೆ, ತೆರೆದ ಕಿಟಕಿಯ ಮುಂದೆ ನಿಂತು ಆ ನೀರನ್ನು ಒಂದು ಪಾತ್ರೆಯಿಂದ ಮತ್ತೊಂದು ಪಾತ್ರೆಗೆ, ಮತ್ತೆ ಆ ಪಾತ್ರೆಯಿಂದ ಈ ಪಾತ್ರೆಗೆ, ಅರ್ಧ ಮುಕ್ಕಾಲು ಗಂಟೆಯ ಕಾಲ ಎತ್ತಿ ಎತ್ತಿ ಸುರಿಯುವುದು. ಈ ಆಯಾಸದ ಕಾರ್ಯವನ್ನು ಮಾಡಿದವಳು ಮನೆಯ ಕೆಲಸದ ಹುಡುಗಿ. ತನ್ನ ಪ್ರಯೋಗಗಳನ್ನು ಶಾಸ್ತ್ರೀಯ ಪತ್ರಿಕೆಯೊಂದರಲ್ಲಿ 1859ರಲ್ಲಿ ಪ್ರಕಟಿಸಿದಾಗ ಆ ಮಹಿಳೆ, ಹುಡುಗಿಗೆ ಇದೊಂದು ವಿನೋದವಾಗಿಯೇ ತೋರುತ್ತಿತ್ತೆಂದು ಬರೆದಿದ್ದಾಳೆ. ವಿನೋದವೋ ಅಲ್ಲವೋ ಎಂಬುದನ್ನು ಹೇಳಬೇಕಾದವಳ ಮಾತು ಮಾತ್ರ ಅಲ್ಲಿ ಅಚ್ಚಾಗಿಲ್ಲ. ಅವಳ ಹೆಸರೂ ಇಲ್ಲ. ಆದರೂ ಹವಳಗಳು ಬದುಕಿದವು, ವಂಶವನ್ನೂ ಬೆಳೆಸಿದವು.

ಆ ಹುಡುಗಿಯ ತೋಳಿನ ಶ್ರಮದಿಂದ ನಿಜವಾಗಿ ಏನಾಗುತ್ತಿತ್ತೆಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ನೀರು ತನ್ನೊಳಗೆ ಇಟ್ಟುಕೊಳ್ಳಬಲ್ಲ ಪ್ರಾಣವಾಯುವು ಅತ್ಯಲ್ಪ: 25 ಡಿಗ್ರಿ ಉಷ್ಣತೆಯಲ್ಲಿ ಒಂದು ಲೀಟರು ಸಿಹಿನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕವನ್ನು ಧರಿಸಬಲ್ಲದು, ಸಮುದ್ರಜಲ 7 ಮಿಲಿಗ್ರಾಮಿಗಿಂತಲೂ ತುಸು ಕಡಿಮೆಯನ್ನು. ನೀರು ಬೆಚ್ಚಗಾದಷ್ಟೂ ಈ ಪ್ರಮಾಣ ಇನ್ನೂ ಇಳಿಯುತ್ತದೆ. ಜಲಸಸ್ಯವಿಲ್ಲದ ಪಾತ್ರೆಯಲ್ಲಿ ಆ ಅಲ್ಪವೂ ಒಳಗೆ ಬರುವುದು ಗಾಳಿಗೆ ತೆರೆದುಕೊಂಡ ಮೇಲ್ಮೈಯಿಂದ ಮಾತ್ರ. ನಿಂತ ನೀರಿನಲ್ಲಿ ಮೇಲಿನದು ಮೇಲೆಯೇ, ಕೆಳಗಿನದು ಕೆಳಗೆಯೇ ಉಳಿಯುವುದರಿಂದ ತಳದಲ್ಲಿರುವ ಜೀವಿ ಉಸಿರಿಲ್ಲದೆ ಸಾಯುತ್ತದೆ. ನೀರನ್ನು ಮಗುಚುವುದೆಂದರೆ ಉಸಿರನ್ನು ಹಂಚುವುದು. ಹೊಳೆಯಲ್ಲಿ ಈ ಕಾರ್ಯ ತಾನಾಗಿಯೇ ನಡೆಯುತ್ತದೆ. ಆದುದರಿಂದಲೇ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದ ಮತ್ಸ್ಯವಿನೋದ ಪ್ರಕರಣದಲ್ಲಿ ಮೀನಿನ ಜಾತಿಗಳನ್ನೂ ಅವಕ್ಕೆ ಹಾಕತಕ್ಕ ಆಹಾರವನ್ನೂ ವಿವರಿಸಿದರೂ ನೀರೆತ್ತುವ ಚಿಂತೆಯನ್ನು ಮಾಡಬೇಕಾಗಿರಲಿಲ್ಲ. ಶೃಂಗೇರಿಯ ತುಂಗೆಯಲ್ಲಿಯೂ ಶಿಶಿಲದ ಕಪಿಲೆಯಲ್ಲಿಯೂ ಭಕ್ತರು ಎರಚಿದ ಅಕ್ಕಿಗೆ ಮುತ್ತುವ ದೇವರ ಮೀನುಗಳಿಗೆ ನದಿಯೇ ಎಲ್ಲವನ್ನೂ ಒದಗಿಸಿದೆ. ರೋಮಿನ ಶ್ರೀಮಂತ ಲುಕುಲ್ಲಸನು ನೇಪಲ್ಸಿನ ಬಳಿ ತನ್ನ ಮೀನುಕೊಳಗಳಿಗೆ ಸಮುದ್ರದ ನೀರು ಹರಿದು ಬಂದುಹೋಗಲೆಂದು ಗುಡ್ಡವನ್ನೇ ಕೊರೆಯಿಸಿದನಂತೆ. ಸಮಕಾಲೀನರು ಅವನನ್ನು ಪರ್ಷಿಯದ ಕ್ಸರ್ಕ್ಸೀಸ್ ದೊರೆಗೆ ಹೋಲಿಸಿ ನಕ್ಕರು. ಹಣವಿದ್ದವನು ಸಮುದ್ರವನ್ನು ಕೊಳಕ್ಕೆ ಕರೆಯಬಹುದು. ಮಹಡಿಯ ಮೇಲಿನ ಕೊಠಡಿಗೆ ಕರೆಯುವುದು ಹೇಗೆ?

ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಇಂಗ್ಲೆಂಡಿಗೆ ದೊರೆತ ಮೊದಲ ಉತ್ತರ ರಸಾಯನಶಾಸ್ತ್ರದ್ದು. ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಜ್ಞನು ಗಾಜಿನ ಪಾತ್ರೆಯಲ್ಲಿ ಹೊನ್ಮೀನುಗಳನ್ನೂ ಜಲಸಸ್ಯವನ್ನೂ ಬಸವನಹುಳುಗಳನ್ನೂ ಒಟ್ಟಿಗೆ ಇರಿಸಿ, ಮೀನು ಬಿಟ್ಟ ಇಂಗಾಲಾಮ್ಲವನ್ನು ಸಸ್ಯವು ಬಳಸಿ ಪ್ರಾಣವಾಯುವನ್ನು ಹಿಂದಿರುಗಿಸುವುದೆಂದೂ, ಕೊಳೆತ ಎಲೆಯನ್ನು ಹುಳು ತಿಂದು ಶುದ್ಧಿ ಮಾಡುವುದೆಂದೂ ತೋರಿಸಿ 1850ರಲ್ಲಿ ಪ್ರಕಟಿಸಿದನು. 1845ರಲ್ಲಿ ಗಾಜಿನ ಮೇಲಿನ ಸುಂಕ ರದ್ದಾಗಿತ್ತು; 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮತ್ಸ್ಯಭವನ ತೆರೆಯಿತು; ಮರುವರ್ಷ ಫಿಲಿಪ್ ಹೆನ್ರಿ ಗಾಸ್ಸನು ತನ್ನ ಪ್ರಸಿದ್ಧ ಗ್ರಂಥ ‘ದಿ ಅಕ್ವೇರಿಯಂ’ ಅನ್ನು ಹೊರತಂದನು. ಅಲ್ಲಿಂದ ಮುಂದೆ ಕೆಲವು ವರ್ಷ ಆ ದೇಶದ ಮಧ್ಯಮವರ್ಗದ ಪ್ರತಿಯೊಂದು ದಿವಾನಖಾನೆಯಲ್ಲಿಯೂ ಗಾಜಿನ ತೊಟ್ಟಿಯೊಂದು ಇರದಿದ್ದರೆ ಮರ್ಯಾದೆಗೆ ಕೊರತೆಯೆಂಬಂತಾಯಿತು. ಆದರೆ ಆ ಗೀಳು ಹೆಚ್ಚು ಕಾಲ ಉಳಿಯಲಿಲ್ಲ. ಜೀವಸಮತೋಲನವೆಂಬ ತತ್ತ್ವ ಸತ್ಯವೇ ಆದರೂ ಅದು ತೆಳ್ಳನೆಯ ಸತ್ಯ: ಮೀನು ಒಂದು ಹೆಚ್ಚಾದರೆ, ಬಿಸಿಲು ತುಸು ಏರಿದರೆ, ಒಂದು ಶವ ಕಲ್ಲಿನ ಹಿಂದೆ ಕಾಣದೆ ಉಳಿದರೆ, ರಾತ್ರಿಯೊಂದರಲ್ಲಿ ಇಡೀ ತೊಟ್ಟಿ ನಾರುತ್ತಿತ್ತು. ಆ ದಶಕದ ತೊಟ್ಟಿಗಳಲ್ಲಿ ಬಹುಪಾಲು ಮುಂದಿನ ದಶಕದಲ್ಲಿ ಅಟ್ಟವನ್ನು ಸೇರಿದವು.

ಎರಡನೆಯ ಉತ್ತರ ಯಂತ್ರಶಾಸ್ತ್ರದ್ದು. ಅದಕ್ಕೂ ಮುನ್ನುಡಿ ಆ ವರ್ಷಗಳಲ್ಲಿಯೇ ಸಿದ್ಧವಾಗಿತ್ತು. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನ ಸ್ಫಟಿಕಸೌಧದಲ್ಲಿ, ಎಂದರೆ ಕ್ರಿಸ್ಟಲ್ ಪ್ಯಾಲೆಸ್ಸಿನಲ್ಲಿ, ನಡೆದ ಮಹಾಪ್ರದರ್ಶನದಲ್ಲಿ ಜಾನ್ ಆಪ್ಪೋಲ್ಡ್ ಎಂಬಾತನು ಒಂದು ಕೇಂದ್ರಾಪಗಾಮಿ ಪಂಪನ್ನು ಇರಿಸಿದ್ದನು. ತಿರುಗುವ ಚಕ್ರದ ಅಲಗುಗಳು ನೀರನ್ನು ನಡುವಿನಿಂದ ಅಂಚಿಗೆ ಎಸೆದು ಕೊಳವೆಯ ಮೂಲಕ ಮೇಲೇರಿಸುವ ಈ ತತ್ತ್ವ ಹೊಸದಲ್ಲ. ಹದಿನೇಳನೆಯ ಶತಮಾನದ ಕೊನೆಗೆ ಡೆನಿಸ್ ಪಾಪೆನ್ ಅಂಥದೊಂದನ್ನು ಮಾಡಿದ್ದನು. ಆಪ್ಪೋಲ್ಡನ ಹೆಗ್ಗಳಿಕೆಯೆಂದರೆ ನೆಟ್ಟನೆಯ ಅಲಗುಗಳನ್ನು ಬಿಟ್ಟು ಬಾಗಿದ ಅಲಗುಗಳನ್ನು ಹಾಕಿದ್ದು. ಪರೀಕ್ಷಕರು ಅಳೆದು ನೋಡಿದಾಗ ಆ ಪಂಪು ಕೊಟ್ಟ ಶಕ್ತಿಯಲ್ಲಿ ನೂರಕ್ಕೆ 68 ಪಾಲನ್ನು ನೀರೆತ್ತುವ ಕಾರ್ಯಕ್ಕೆ ಸಲ್ಲಿಸಿತು. ನೆಟ್ಟನೆಯ ಅಲಗಿನವು ಅದರ ಅರ್ಧಕ್ಕೂ ಬರಲಿಲ್ಲ. ಇದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಏಕೆಂದರೆ ಈ ಬಾಗಿದ ಅಲಗು ಮುಂದೆ ಮನೆಯ ಮತ್ಸ್ಯಾಗಾರದಲ್ಲಿ ಕಳೆದುಹೋಗಿ ಮತ್ತೆ ದೊರೆಯುವ ಕಥೆಯೊಂದಿದೆ.

ಆ ಸ್ಫಟಿಕಸೌಧವೇ ಹೈಡ್ ಪಾರ್ಕಿನಿಂದ ಕಳಚಲ್ಪಟ್ಟು ಸಿಡನ್‌ಹ್ಯಾಮ್ ಎಂಬಲ್ಲಿ ಪುನರ್ನಿರ್ಮಿತವಾದ ತರುವಾಯ, 1871ರಲ್ಲಿ, ಅದರೊಳಗೆ ತೆರೆದ ಮತ್ಸ್ಯಾಗಾರವು ನಮ್ಮ ಕಥೆಯ ಮುಖ್ಯ ಸನ್ನಿವೇಶ. ಅದರ ಸೂತ್ರಧಾರ ವಿಲಿಯಂ ಆಲ್ಫರ್ಡ್ ಲಾಯ್ಡ್. ಲಂಡನ್ನಿನಲ್ಲಿ ತೊಟ್ಟಿಗಳನ್ನೂ ಜಲಜೀವಿಗಳನ್ನೂ ಮಾರುವ ಅಂಗಡಿಯನ್ನಿಟ್ಟು, ಹವ್ಯಾಸ ಇಳಿಮುಖವಾದಾಗ ಹ್ಯಾಂಬರ್ಗಿಗೆ ಹೋಗಿ ಅಲ್ಲಿ 1864ರಲ್ಲಿ ತೆರೆದ ಮತ್ಸ್ಯಾಗಾರವನ್ನು ನಡೆಸಿ ಅನುಭವವನ್ನು ಗಳಿಸಿದ್ದ ಈ ಮನುಷ್ಯನು, ನೀರಿನ ವಿಷಯದಲ್ಲಿ ತನ್ನ ಕಾಲದ ವಿದ್ವಾಂಸರೆಲ್ಲರಿಗಿಂತ ಹೆಚ್ಚು ತಿಳಿದವನೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಅವನ ಯೋಜನೆಯನ್ನು ನೋಡಿರಿ. ಪ್ರೇಕ್ಷಕರ ಕಾಲಡಿಯಲ್ಲಿ, ಬೆಳಕು ಸುಳಿಯದ ನೆಲಮಾಳಿಗೆಯಲ್ಲಿ, ಮೇಲಿನ ಪ್ರದರ್ಶನದ ತೊಟ್ಟಿಗಳೆಲ್ಲವೂ ಸೇರಿ ಹಿಡಿಯುವ ನೀರಿಗಿಂತ ಹಲವು ಪಾಲು ಹೆಚ್ಚು ನೀರನ್ನು ಹಿಡಿಯುವ ಜಲಾಶಯ. ಉಗಿಯಂತ್ರದಿಂದ ನಡೆಯುವ ಪಂಪು ಅಲ್ಲಿಂದ ಸಮುದ್ರಜಲವನ್ನೆತ್ತಿ ತೊಟ್ಟಿಗಳಿಗೆ ಧಾರೆಯಾಗಿ ಬಿಡುವುದು. ಆ ಧಾರೆ ಬೀಳುವಾಗ ಗಾಳಿಯನ್ನು ಸೂಕ್ಷ್ಮವಾದ ಗುಳ್ಳೆಗಳಾಗಿ ನೀರೊಳಕ್ಕೆ ಒಯ್ಯುವುದು. ತುಂಬಿ ಹೆಚ್ಚಾದದ್ದು ತೊಟ್ಟಿಯಿಂದ ತೊಟ್ಟಿಗೆ ಹರಿದು ಮರಳಿ ಕತ್ತಲೆಯ ಜಲಾಶಯವನ್ನು ಸೇರುವುದು. ನಮ್ಮ ಬಯಲುಸೀಮೆಯಲ್ಲಿ ಮೇಲಿನ ಕೆರೆ ತುಂಬಿ ಕೋಡಿ ಬಿದ್ದು ಕೆಳಗಿನ ಕೆರೆಗೆ ಹರಿಯುವ ಕೆರೆಸಾಲುಗಳನ್ನು ಕಂಡವರಿಗೆ ಈ ಏರ್ಪಾಡಿನ ಅರ್ಧ ಭಾಗವನ್ನು ವಿವರಿಸಬೇಕಾಗಿಯೇ ಇಲ್ಲ. ಕೊನೆಯ ಕೆರೆಯಿಂದ ಮೊದಲನೆಯದಕ್ಕೆ ನೀರನ್ನು ಎತ್ತಿ ತರುವುದೊಂದೇ ಲಾಯ್ಡನ ಹೆಚ್ಚುವರಿ.

ಈ ಏರ್ಪಾಡಿನಲ್ಲಿ ಮೂರು ವಿವೇಕಗಳಿವೆ. ಕತ್ತಲೆಯಲ್ಲಿಟ್ಟ ನೀರಿನಲ್ಲಿ ಹಸುರುಪಾಚಿ ಬೆಳೆಯಲಾರದು, ನೆಲದೊಳಗಿನ ತಂಪು ಅದರ ಉಷ್ಣತೆಯನ್ನು ಹತೋಟಿಯಲ್ಲಿಡುವುದು ಎಂಬುದು ಒಂದು. ಕಬ್ಬಿಣವನ್ನೂ ತಾಮ್ರವನ್ನೂ ಉಪ್ಪುನೀರು ತಿಂದುಹಾಕುವುದು, ತಿಂದದ್ದು ವಿಷವಾಗಿ ಜೀವಿಗಳ ಮೈ ಸೇರುವುದು ಎಂಬುದನ್ನು ಅರಿತು ಲಾಯ್ಡನು ನೀರು ತಾಗುವ ಪಂಪಿನ ಭಾಗಗಳನ್ನು ಗಂಧಕದೊಡನೆ ಕಾಯಿಸಿ ಗಟ್ಟಿಮಾಡಿದ ರಬ್ಬರಿನಿಂದ, ಎಂದರೆ ಎಬೊನೈಟಿನಿಂದ, ಮಾಡಿಸಿದನು, ಇದು ಎರಡನೆಯದು. ಇವೆರಡನ್ನೂ ಮೆಚ್ಚುವವರು ಬಹಳ ಮಂದಿ. ನನ್ನ ದೃಷ್ಟಿಯಲ್ಲಿ ಇವೆರಡಕ್ಕಿಂತ ಹಿರಿದಾದದ್ದು ಮೂರನೆಯದು: ಆತನು ಕುಲುಮೆಯ ಬಾಯ್ಲರು, ಉಗಿಯಂತ್ರ, ಪಂಪು, ಇವೆಲ್ಲವನ್ನೂ ಜೋಡಿಯಾಗಿ ಇರಿಸಿದನು. ಒಂದು ಜೋಡಿ ದುಡಿಯುವುದು. ಮತ್ತೊಂದು ಸುಮ್ಮನೆ ಕಾದಿರುವುದು. ಯಂತ್ರವು ಕೆಡತಕ್ಕದ್ದು, ಕೆಟ್ಟೇ ಕೆಡುವುದು, ಅದು ಕೆಟ್ಟ ಗಳಿಗೆಯಲ್ಲಿ ನೀರಿಗೆ ಏನಾಗುವುದೆಂಬುದೇ ಪ್ರಶ್ನೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಡವನ್ನು ಎಬ್ಬಿಸಿದವನ ಬುದ್ಧಿ ಇದು. ದೊಡ್ಡ ಜಲಾಶಯವೂ ಈ ಬುದ್ಧಿಯದೇ ಮತ್ತೊಂದು ಮುಖ. ನೀರು ಹೆಚ್ಚಿದ್ದಷ್ಟೂ ಕೆಡಲು ಹೆಚ್ಚು ಹೊತ್ತು ಹಿಡಿಯುತ್ತದೆ, ಆ ಹೊತ್ತಿನಲ್ಲಿ ರಿಪೇರಿ ನಡೆಯುತ್ತದೆ. ಜರ್ಮನಿಯ ಆಂಟನ್ ಡೋರ್ನನು ನೇಪಲ್ಸಿನಲ್ಲಿ ಸಮುದ್ರಜೀವಶಾಸ್ತ್ರದ ಸಂಶೋಧನಾಲಯವನ್ನು ಕಟ್ಟುವಾಗ ಲಾಯ್ಡನನ್ನೇ ನೀರಿನ ವ್ಯವಸ್ಥೆಗೆ ಕರೆಸಿಕೊಂಡನು. 1874ರಲ್ಲಿ ಅಲ್ಲಿಯ ಮತ್ಸ್ಯಾಗಾರ ತೆರೆಯಿತು. ಲುಕುಲ್ಲಸನು ಗುಡ್ಡ ಕೊರೆಯಿಸಿದ ಕೊಲ್ಲಿಯ ದಡದಲ್ಲಿಯೇ ಎಂಬುದು ಕಾಲದ ಕೌತುಕ.

ಈ ಬುದ್ಧಿ ಇಲ್ಲದ ಕಡೆ ಏನಾಗುವುದೆಂಬುದಕ್ಕೆ ಬಹಳ ದೂರ ಹೋಗಬೇಕಾಗಿಲ್ಲ. 1876ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ, ಅನ್ನಾ ಥಿನ್ನಳ ಮನೆಗೆ ಕೂಗಳತೆಯಲ್ಲಿ, ರಾಯಲ್ ಅಕ್ವೇರಿಯಂ ಎಂಬ ಮಹಾಭವನವೊಂದು ಗಾಜಿನ ಛಾವಣಿ, ಪ್ರತಿಮೆ, ವಾದ್ಯಮೇಳಗಳೊಡನೆ ವೈಭವದಿಂದ ತೆರೆಯಿತು. ತೊಟ್ಟಿಗಳೂ ದೊಡ್ಡವೇ. ಆದರೆ ಸಿಹಿನೀರು ಉಪ್ಪುನೀರುಗಳ ಕೊಳವೆವ್ಯವಸ್ಥೆ ಪದೇ ಪದೇ ಕೈಕೊಟ್ಟುದರಿಂದ ಮೀನಿಗಿಂತ ಮೀನಿಲ್ಲದಿರುವುದೇ ಅಲ್ಲಿನ ಪ್ರಸಿದ್ಧಿಯಾಯಿತು. ಊರಿನ ವಿನೋದಪ್ರಿಯರಿಗೆ ಅದೊಂದು ಹಬ್ಬ. ಕ್ರಮೇಣ ಆ ಭವನ ದೊಂಬರಾಟ ಗಾನಮೇಳಗಳ ಮನೆಯಾಗಿ, 1903ರಲ್ಲಿ ನೆಲಸಮವಾಯಿತು. ಪ್ರತಿಮೆಗೆ ವೆಚ್ಚ ಮಾಡಿದ ಹಣದಲ್ಲಿ ಒಂದಂಶವನ್ನು ಕೊಳವೆಗೆ ಹಾಕಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ.

ನಮ್ಮ ದೇಶಕ್ಕೆ ಸಾರ್ವಜನಿಕ ಮತ್ಸ್ಯಾಗಾರ ಬಂದದ್ದು ಮದರಾಸಿನ ಮೆರೀನಾ ತೀರದಲ್ಲಿ, 1909ರಲ್ಲಿ. ದಕ್ಷಿಣ ಭಾರತದ ಜಾತಿಬುಡಕಟ್ಟುಗಳ ಏಳು ಸಂಪುಟಗಳಿಂದ ಕನ್ನಡದ ಸಂಶೋಧಕರಿಗೂ ಪರಿಚಿತನಾದ ಎಡ್ಗರ್ ಥರ್ಸ್ಟನ್ ಅದರ ಕಲ್ಪನೆಯನ್ನು ಮುಂದಿಟ್ಟವನು. ಎರಡನೆಯ ಮಹಾಯುದ್ಧದ ಭೀತಿಯಲ್ಲಿ 1942ರಲ್ಲಿ ಅದು ಮುಚ್ಚಿತು. ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಗಾರ 1951ರದು. ನಮ್ಮ ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನ ಮತ್ಸ್ಯಾಲಯ 1983ರದು. ಇವು ಸರಕಾರದ ಕೆಲಸಗಳು. ಮನೆಯ ತೊಟ್ಟಿಯ ಚರಿತ್ರೆ ಬೇರೊಂದು ದಾರಿಯಲ್ಲಿ ನಡೆಯಿತು.

ಮನೆಯಲ್ಲಿ ಉಗಿಯಂತ್ರವನ್ನು ಇರಿಸುವಂತಿರಲಿಲ್ಲ. ಆದುದರಿಂದ ಬಹುಕಾಲ ಮನೆಯ ಹವ್ಯಾಸಿ ನೀರನ್ನೆತ್ತುವ ಆಸೆಯನ್ನೇ ಬಿಟ್ಟು ಗಾಳಿಯನ್ನು ಊದುವುದರಲ್ಲಿ ತೃಪ್ತನಾದನು. 1908ರಲ್ಲಿ ಹರಿಯುವ ನೀರಿನ ಬಲದಿಂದ ನಡೆಯುವ ಸಣ್ಣ ಗಾಳಿಪಂಪು ಬಂದಿತೆಂದು ಹೇಳುತ್ತಾರೆ. ಬೆಂಗಳೂರಿನಲ್ಲಿ ವಿದ್ಯುದ್ದೀಪಗಳು ಹೊತ್ತಿಕೊಂಡು ಅಷ್ಟರಲ್ಲಿ ಮೂರು ವರ್ಷವಾಗಿತ್ತಾದರೂ, ವಿದ್ಯುತ್ತು ಮೀನಿನ ತೊಟ್ಟಿಯ ಬಳಿಗೆ ಸಾಮಾನ್ಯವಾಗಿ ಬಂದದ್ದು ಇನ್ನೂ ಬಹಳ ವರ್ಷಗಳ ಮೇಲೆ. ಗಾಳಿಯ ಗುಳ್ಳೆಯೂ ಸುಮ್ಮನೆ ಏರುವುದಿಲ್ಲ, ಕೊಳವೆಯೊಳಗೆ ಏರುವಾಗ ಜೊತೆಯಲ್ಲಿ ನೀರನ್ನೂ ಎತ್ತುತ್ತದೆ; 1797ರಲ್ಲಿ ಕಾರ್ಲ್ ಲೋಷರ್ ಎಂಬ ಜರ್ಮನ್ ಗಣಿ ಎಂಜಿನಿಯರು ಕಂಡುಕೊಂಡ ಈ ಉಪಾಯವೇ ಜಲ್ಲಿಯ ಕೆಳಗಿನ ಶೋಧಕ ತಟ್ಟೆಗೆ ಜೀವಾಳವಾಗಿ, 1950ರ ದಶಕದಿಂದ ಮುಂದೆ ಲೋಕದ ತೊಟ್ಟಿಗಳನ್ನೆಲ್ಲ ಆಳಿತು. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಮೀನಿನಂಗಡಿಗಳ ಸಾಲಿನಲ್ಲಿ ನಡೆದವರಿಗೆ ಆ ಕಂಪನದ ಪಂಪುಗಳ ಗುಂಯ್‌ಗಾನ ಚಿರಪರಿಚಿತ. ಅಗ್ಗ, ಕೆಟ್ಟರೆ ಒಳಗಿನ ರಬ್ಬರಿನ ಪೊರೆಯೊಂದನ್ನು ಬದಲಾಯಿಸಿದರೆ ಸಾಕು, ಮತ್ತು ಯಂತ್ರದ ಯಾವ ಭಾಗವೂ ನೀರನ್ನು ಮುಟ್ಟುವುದಿಲ್ಲ. ಇಂದಿಗೂ ಸಾಧಾರಣ ಸಿಹಿನೀರಿನ ತೊಟ್ಟಿಗೆ ಇದಕ್ಕಿಂತ ಹೆಚ್ಚಿನದನ್ನು ಬಯಸುವುದು ಬಹುಮಟ್ಟಿಗೆ ಆಡಂಬರವೆಂದೇ ನನ್ನ ಮತ.

ಆದರೆ ಗುಳ್ಳೆಯಿಂದ ನಾಲ್ಕಡಿ ಎತ್ತರಕ್ಕೆ ನೀರನ್ನು ಏರಿಸಲಾಗದು. ನೀರನ್ನೇ ಎತ್ತುವ ಮನೆಪಂಪಿಗೆ ಅಡ್ಡಿಯಾಗಿ ನಿಂತಿದ್ದದ್ದು ಒಂದು ಸಣ್ಣ ರಂಧ್ರ: ಒಣಗಿದ ಕಡೆ ಇರುವ ಮೋಟಾರಿನಿಂದ ಒದ್ದೆಯ ಕಡೆ ಇರುವ ಚಕ್ರಕ್ಕೆ ಹೋಗುವ ದಂಡವು ಗೋಡೆಯನ್ನು ದಾಟುವ ರಂಧ್ರ. ಅಲ್ಲಿ ಎಷ್ಟೇ ಬಿಗಿಯಾದ ಸೀಲನ್ನು ಹಾಕಿದರೂ ಅದು ಸವೆಯುತ್ತದೆ, ಉಪ್ಪುನೀರು ನುಸುಳುತ್ತದೆ, ದಂಡ ತುಕ್ಕು ಹಿಡಿಯುತ್ತದೆ. ಇದಕ್ಕೆ ಪರಿಹಾರವಾಗಿ ಒದಗಿದ್ದು ಅಯಸ್ಕಾಂತ. ತಂತಿಯ ಸುರುಳಿಗಳನ್ನು ರಾಳದಲ್ಲಿ ಎರಕಹೊಯ್ದು ಒಂದು ಕಡೆ ಮುಚ್ಚಿಬಿಟ್ಟು, ಚಕ್ರಕ್ಕೆ ಕೂಡಿಸಿದ ಅಯಸ್ಕಾಂತವನ್ನು ನೀರಿನೊಳಗೇ ಪಿಂಗಾಣಿಯಂಥ ದಂಡದ ಮೇಲೆ ತಿರುಗಲು ಬಿಟ್ಟರೆ, ನಡುವಣ ಗೋಡೆಗೆ ರಂಧ್ರವೇ ಬೇಡ. ಆ ನೀರೇ ದಂಡಕ್ಕೆ ಎಣ್ಣೆ, ಆ ನೀರೇ ಮೋಟಾರಿಗೆ ತಂಪು. ಜರ್ಮನಿಯಲ್ಲಿ ಗುಂಟರ್ ಎಹೈಮ್ 1949ರಲ್ಲಿಯೂ, ನಾರ್ಬರ್ಟ್ ಟುನ್ಜೆ 1960ರಲ್ಲಿಯೂ ಸ್ಥಾಪಿಸಿದ ಕಾರ್ಖಾನೆಗಳು ಮುಂದೆ ಇಂಥ ಪಂಪುಗಳಿಂದಲೇ ಲೋಕಪ್ರಸಿದ್ಧವಾದವು. ಜಪಾನಿನ ಇವಾಕಿ ಸಂಸ್ಥೆ ರಾಸಾಯನಿಕ ಕಾರ್ಖಾನೆಗಳ ಆಮ್ಲಗಳಿಗೆಂದು ಮಾಡಿದ ಅಯಸ್ಕಾಂತದ ಪಂಪುಗಳನ್ನು ಉಪ್ಪುನೀರಿನ ಹವ್ಯಾಸಿಗಳು ತಾವಾಗಿಯೇ ಹುಡುಕಿ ತಂದುಕೊಂಡರು. ಆಮ್ಲವನ್ನು ತಡೆದದ್ದು ಸಮುದ್ರವನ್ನು ತಡೆಯದೆ ಇದ್ದೀತೆ?

ಇಲ್ಲಿಯೇ ಆಪ್ಪೋಲ್ಡನ ಬಾಗಿದ ಅಲಗು ಕಳೆದುಹೋದದ್ದು. ನಮ್ಮ 50 ಹರ್ಟ್ಸಿನ ಕರೆಂಟಿನಲ್ಲಿ ನಿಮಿಷಕ್ಕೆ 3000 ಸುತ್ತು ತಿರುಗುವ ಈ ಸಣ್ಣ ಮೋಟಾರು ಹೊರಡುವಾಗ ಬಲಕ್ಕೆ ಹೊರಟೀತೋ ಎಡಕ್ಕೆ ಹೊರಟೀತೋ ಹೇಳಲು ಬರುವುದಿಲ್ಲ. ಎರಡು ದಿಕ್ಕಿಗೂ ಸಲ್ಲುವಂತೆ ಅಲಗುಗಳನ್ನು ನೆಟ್ಟಗೆ ಇಡಬೇಕಾಯಿತು. ಎಂದರೆ ಸಾಮರ್ಥ್ಯದಲ್ಲಿ 1851ಕ್ಕೂ ಹಿಂದಕ್ಕೆ ಹೋಗಿ, ಬಾಳಿಕೆಯಲ್ಲಿ ಮುಂದಕ್ಕೆ ಬಂದರು. ಈ ವಿನಿಮಯ ಬುದ್ಧಿವಂತಿಕೆಯದೆಂದೇ ನಾನು ಎಣಿಸುತ್ತೇನೆ, ಏಕೆಂದರೆ ಆ ಚಕ್ರವು ದಿನವೊಂದಕ್ಕೆ 43 ಲಕ್ಷದ 20 ಸಾವಿರ ಸುತ್ತು ತಿರುಗಬೇಕಾದದ್ದು. ಅಂಥ ದುಡಿಮೆಗೆ ಚತುರತೆಗಿಂತ ತಾಳ್ಮೆ ಮೇಲು. ಈಚಿನ ಡಿಸಿ ಪಂಪುಗಳಲ್ಲಿ ವಿದ್ಯುನ್ಮಂಡಲವೊಂದು ದಿಕ್ಕನ್ನೂ ವೇಗವನ್ನೂ ನಿಯಂತ್ರಿಸುವುದರಿಂದ ಬಾಗಿದ ಅಲಗು ಮರಳಿ ಬಂದಿದೆ. ಸದ್ದು ಕಡಿಮೆ, ಕರೆಂಟಿನ ಖರ್ಚು ಕಡಿಮೆ. ಆದರೆ ಕೆಡಬಲ್ಲ ಹೊಸದೊಂದು ಅಂಗವೂ ಜೊತೆಗೆ ಬಂದಿದೆ: ಪಂಪು ಗಟ್ಟಿಯಾಗಿದ್ದೂ ಅದರ ನಿಯಂತ್ರಕವೋ ಅಡಾಪ್ಟರೋ ಸತ್ತು ತೊಟ್ಟಿ ನಿಂತುಹೋಗುವುದು ಹಳೆಯ ಪಂಪಿಗೆ ತಿಳಿಯದಿದ್ದ ರೋಗ.

ಮೇಲೆ ತೊಟ್ಟಿ, ಕೆಳಗೆ ಸಂಪು ಎಂಬ ಲಾಯ್ಡನ ವಿನ್ಯಾಸ ಮನೆಗೆ ಬಂದದ್ದು 1980ರ ದಶಕದಲ್ಲಿ. ಡಚ್ಚರ ಜಾರ್ಜ್ ಸ್ಮಿಟ್ 1986ರಲ್ಲಿ ಅಮೆರಿಕದ ಹವ್ಯಾಸಿಗಳ ಮಾಸಪತ್ರಿಕೆಯಲ್ಲಿ ಬರೆದ ಲೇಖನಮಾಲೆ, ನೀರನ್ನು ತೊಟ್ಟಿಯ ಅಂಚಿನಿಂದ ಕೋಡಿ ಬೀಳಿಸಿ, ಕೆಳಗಿನ ಪೆಟ್ಟಿಗೆಯಲ್ಲಿ ತೊಟ್ಟಿಕ್ಕಿಸಿ ಶೋಧಿಸಿ, ಪಂಪಿನಿಂದ ಮೇಲಕ್ಕೆ ಹಿಂದಿರುಗಿಸುವ ಕ್ರಮವನ್ನು ಅಲ್ಲಿ ಜನಪ್ರಿಯಗೊಳಿಸಿತು. ಹವಳಗಳನ್ನು ಮನೆಯಲ್ಲಿ ಬೆಳೆಸುವ ಈಗಿನ ಹವ್ಯಾಸಕ್ಕೆ ಅದು ದೊಡ್ಡ ನೂಕು. ಮನೆಗೆ ಬರುವಾಗ ಮಾತ್ರ ಲಾಯ್ಡನ ವಿವೇಕದಲ್ಲಿ ಅರ್ಧ ದಾರಿಯಲ್ಲಿ ಬಿದ್ದುಹೋಯಿತು. ಅವನ ಜಲಾಶಯ ತೊಟ್ಟಿಗಿಂತ ಹಲವು ಪಾಲು ದೊಡ್ಡದು. ನಮ್ಮ ಸಂಪು ತೊಟ್ಟಿಯ ಮೂರನೆಯ ಒಂದಂಶವಿದ್ದರೆ ಹೆಚ್ಚು. ಅವನ ಪಂಪು ಎರಡು, ನಮ್ಮದು ಒಂದು.

ಹೀಗಿರುವಲ್ಲಿ ಪಂಪನ್ನು ಆರಿಸುವವನು ಮೊದಲು ಕೇಳಬೇಕಾದ ಪ್ರಶ್ನೆ ಅದು ಗಂಟೆಗೆ ಎಷ್ಟು ಲೀಟರು ಎತ್ತುವುದೆಂಬುದಲ್ಲ. ಪೆಟ್ಟಿಗೆಯ ಮೇಲಿನ ಆ ಅಂಕಿ ಸೊನ್ನೆ ಎತ್ತರದ್ದು, ಎಂದರೆ ನೀರನ್ನು ಎತ್ತುವ ಶ್ರಮವೇ ಇಲ್ಲದಾಗಿನದು. ಸಂಪಿನ ನೀರಿನ ಮಟ್ಟದಿಂದ ತೊಟ್ಟಿಯ ಮೇಲಂಚಿಗೆ ಸುಮಾರು ಒಂದೂವರೆ ಮೀಟರು ಏರಿ, ಮೊಳಕೈಯಾಕಾರದ ತಿರುವುಗಳನ್ನು ದಾಟುವಾಗ ಅದು ಬಹಳವಾಗಿ ಕುಗ್ಗುತ್ತದೆ. ಎತ್ತರಕ್ಕೂ ಹರಿವಿಗೂ ಇರುವ ಸಂಬಂಧವನ್ನು ತೋರಿಸುವ ವಕ್ರರೇಖೆಯನ್ನು ಪ್ರಾಮಾಣಿಕ ತಯಾರಕರು ಮುದ್ರಿಸುತ್ತಾರೆ; ಮುದ್ರಿಸದವರ ಪಂಪನ್ನು ಮುಟ್ಟಬೇಡಿರೆಂದೇ ನನ್ನ ಸಲಹೆ. 300 ಲೀಟರಿನ ತೊಟ್ಟಿಗೆ ಗಂಟೆಗೆ ನಾಲ್ಕೈದು ಬಾರಿ ನೀರು ಸುತ್ತಿದರೆ ಸಾಕು, ಎಂದರೆ ಮೇಲೆ ಬಂದು ತಲಪುವ ಹರಿವು 1200ರಿಂದ 1500 ಲೀಟರು. ಹವಳಕ್ಕೆ ಬೇಕಾದ ಬಿರುಸಿನ ಸೆಳೆತವನ್ನು ತೊಟ್ಟಿಯೊಳಗಿನ ಬೇರೆ ಪಂಪುಗಳು ನೋಡಿಕೊಳ್ಳಲಿ. ಹರಿವನ್ನು ಅನಾವಶ್ಯಕವಾಗಿ ಹೆಚ್ಚಿಸಿದರೆ ಕೋಡಿ ಮೊರೆಯುತ್ತದೆ, ನೀರೊಳಗೆ ಮುಳುಗಿದ ಮೋಟಾರಿನ ಶಾಖವೆಲ್ಲ ನೀರಿಗೇ ಸೇರುತ್ತದೆ. ಮಂಗಳೂರಿನ ಏಪ್ರಿಲಿನಲ್ಲಿ ಈ ಶಾಖ ಅಲ್ಪವಲ್ಲ. 40 ವ್ಯಾಟಿನ ಪಂಪು ದಿನವಿಡೀ ನಡೆದರೆ ತಿಂಗಳಿಗೆ 29 ಯೂನಿಟ್ ಆಗುತ್ತದೆ.

ಮೊದಲ ಪ್ರಶ್ನೆ ಲಾಯ್ಡನದೇ: ನಿಂತರೆ ಏನಾಗುವುದು? ಕರೆಂಟು ಹೋದೊಡನೆ, ನೀರನ್ನು ಏರಿಸುತ್ತಿದ್ದ ಕೊಳವೆಯೇ ಹಿಮ್ಮುಖವಾಗಿ ಅದನ್ನು ಕೆಳಕ್ಕೆ ಸೆಳೆಯತೊಡಗುತ್ತದೆ. ಕೊಳವೆಯ ಬಾಯಿ ನೀರಿನಲ್ಲಿ ಎಷ್ಟು ಆಳಕ್ಕೆ ಮುಳುಗಿದೆಯೋ ಅಷ್ಟು ನೀರು ಸಂಪಿಗೆ ಇಳಿಯುವುದು. 120 ಸೆಂಟಿಮೀಟರು ಉದ್ದ, 45 ಸೆಂಟಿಮೀಟರು ಅಗಲದ ತೊಟ್ಟಿಯಲ್ಲಿ ಒಂದೊಂದು ಸೆಂಟಿಮೀಟರಿಗೂ 5.4 ಲೀಟರಿನಂತೆ, ಹತ್ತು ಸೆಂಟಿಮೀಟರು ಮುಳುಗಿದ ಬಾಯಿಂದ 54 ಲೀಟರು ಬಂದು ಬೀಳುತ್ತದೆ. ಸಂಪಿನಲ್ಲಿ ಅಷ್ಟು ಸ್ಥಳವಿಲ್ಲದಿದ್ದರೆ ಮನೆಯ ನೆಲಕ್ಕೆ. ಹಿಂದಿರುಗದಂತೆ ತಡೆಯುವ ಕವಾಟಗಳನ್ನು ಮಾರುತ್ತಾರೆ; ಅದರ ಬಾಯಲ್ಲಿ ಒಂದು ಶಂಖುಹುಳು ಸಿಕ್ಕಿಕೊಂಡರೆ ಅದು ಇದ್ದೂ ಇಲ್ಲದಂತೆ. ನೀರಿನ ಮಟ್ಟಕ್ಕೆ ತುಸು ಕೆಳಗೆ ಕೊಳವೆಯಲ್ಲಿ ಸಣ್ಣದೊಂದು ತೂತನ್ನು ಕೊರೆದು, ವಾರಕ್ಕೊಮ್ಮೆ ಪಾಚಿಯನ್ನು ಒರಸಿದರೆ, ಗಾಳಿ ಹೊಕ್ಕು ಸೆಳೆತ ಕಡಿದುಹೋಗುತ್ತದೆ. ಇದಕ್ಕಿಂತ ನಂಬುಗೆಯದು ಬೇರೆ ಇಲ್ಲ. ಕರೆಂಟು ಬಂದಾಗ ಪಂಪು ತಾನಾಗಿ ಹೊರಡುವುದೇ ಎಂಬುದೂ ಅಷ್ಟೇ ಮುಖ್ಯ. ನಮ್ಮ ಕೊಳವೆಬಾವಿಯ ಗಡುಸು ನೀರು ಅಯಸ್ಕಾಂತದ ಸುತ್ತ ಸುಣ್ಣವನ್ನು ಕಟ್ಟಿಸುತ್ತದೆ. ತಿರುಗುತ್ತಿರುವವರೆಗೂ ಅದು ಗೊತ್ತಾಗುವುದಿಲ್ಲ, ಒಮ್ಮೆ ನಿಂತ ಪಂಪು ಗುನುಗುಟ್ಟುತ್ತದೆಯೇ ಹೊರತು ಏಳುವುದಿಲ್ಲ. ಮೂರು ತಿಂಗಳಿಗೊಮ್ಮೆ ಬಿಚ್ಚಿ ವಿನೆಗರಿನಲ್ಲಿ ನೆನೆಯಿಟ್ಟು ತೊಳೆದವರಿಗೆ ಈ ಕಷ್ಟವಿಲ್ಲ. ಮನೆಯ ಇನ್ವರ್ಟರಿಗೆ ಜೋಡಿಸುವುದಾದರೆ ಅದು ಸೈನ್ ವೇವ್ ಬಗೆಯದಾಗಿರಲಿ. ಚೌಕ ಅಲೆಯ ಇನ್ವರ್ಟರಿನಲ್ಲಿ ಎಸಿ ಪಂಪು ನರಳುತ್ತದೆ, ಕಾಯುತ್ತದೆ. ಬ್ಯಾಟರಿಯಿಂದಲೇ ನೇರವಾಗಿ ನಡೆಯಬಲ್ಲದೆಂಬುದು, ಕರೆಂಟು ಹೋಗುವ ಊರುಗಳಲ್ಲಿ, ಡಿಸಿ ಪಂಪಿನ ಪರವಾಗಿ ಹೇಳಬಹುದಾದ ಅತ್ಯಂತ ಬಲವಾದ ಮಾತು.

ಇನ್ನು ಯಾವ ಹೆಸರಿನ ಪಂಪು ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೇ: ಯಾವುದರ ಚಕ್ರವೂ ದಂಡವೂ ನಿಮ್ಮ ಊರಿನಲ್ಲಿ ಬಿಡಿಯಾಗಿ ದೊರೆಯುವವೋ ಅದು, ಮತ್ತು ಹಣ ಸಾಲದಿದ್ದರೆ ದೊಡ್ಡ ಹೆಸರಿನ ಒಂದಕ್ಕಿಂತ ಮಧ್ಯಮ ದರ್ಜೆಯ ಎರಡು, ಒಂದು ನೀರಿನಲ್ಲಿ, ಒಂದು ಬೀರುವಿನಲ್ಲಿ. ತಂದ ಮೇಲೆ, ಮೀನನ್ನು ಬಿಡುವುದಕ್ಕೆ ಮುಂಚೆ, ತೊಟ್ಟಿಯಲ್ಲಿ ಬರಿಯ ನೀರನ್ನು ತುಂಬಿ ಪಂಪನ್ನು ನಡೆಯಿಸಿರಿ. ಎಲ್ಲವೂ ಸರಿಯಾಗಿ ಹರಿಯುತ್ತಿರುವಾಗ ನಿಮ್ಮ ಕೈಯಿಂದಲೇ ಸ್ವಿಚ್ಚನ್ನು ಆರಿಸಿ, ಸಂಪಿನ ನೀರು ಎಲ್ಲಿಯವರೆಗೆ ಏರಿ ನಿಲ್ಲುವುದೆಂದು ನೋಡಿ, ಗಾಜಿನ ಮೇಲೆ ಅಲ್ಲಿ ಒಂದು ಗೆರೆಯನ್ನು ಎಳೆಯಿರಿ.